ಜೊಹಾನಾ ಓದದೆ ಬಿಟ್ಟ ಸಾಲು

ಕೂಲ್‌ಬಾನಿಗೆ ಅಮೇರಿಕಾದಿಂದ ಕಾಗದ ಬಂದರೆ, ಮೇಲೆ ಯಾರ ಹೆಸರಿದ್ದರೂ ಅದು ಊರಿನ ಸ್ವತ್ತು. ಅಂಚೆಯವನು ದಿಣ್ಣೆ ಹತ್ತುವ ಮುಂಚೆಯೇ ಸುದ್ದಿ ಹತ್ತಿರುತ್ತಿತ್ತು. ಮನೆಯವರು ತಾವೇ ಮೊದಲು ಒಡೆದು ಓದಿಕೊಂಡರೆ ಅದಕ್ಕಿಂತ ಮರ್ಯಾದೆಗೆಟ್ಟ ಕೆಲಸ ಇನ್ನೊಂದಿಲ್ಲ. ಸಂಜೆಯವರೆಗೆ ಅದು ಕಪಾಟಿನ ಮೇಲೆ ನೀಲಿ ತಟ್ಟೆಗೆ ಒರಗಿಕೊಂಡು ಕೂತಿರಬೇಕು. ಹಾಲು ಕರೆದಾದ ಮೇಲೆ ನೆರೆಯವರು ಬಂದು ಬೆಂಕಿಯ ಸುತ್ತ ಸ್ಟೂಲು, ಬುಟ್ಟಿ, ಸಿಕ್ಕಿದ್ದರ ಮೇಲೆ ಕೂರುತ್ತಾರೆ. ಆಮೇಲೆ ಓದು ಬಲ್ಲವರು ಎಲ್ಲರ ಎದುರಿಗೆ ಒಡೆದು ಗಟ್ಟಿಯಾಗಿ ಓದಬೇಕು. ಗಂಡ ಹೆಂಡಿರ ಜಗಳ, ಹೊಟ್ಟೆನೋವು, ಯಾರು ಕುಡಿದು ಎಲ್ಲಿ ಬಿದ್ದರು, ಎಲ್ಲ ಹಾಗೇ ಎಲ್ಲರ ಕಿವಿಗೂ ಬೀಳುತ್ತಿತ್ತು. ಯಾರಿಗೂ ನಾಚಿಕೆಯಿಲ್ಲ.

ಆ ಫೆಬ್ರವರಿಯಲ್ಲಿ ಬಂದದ್ದು ಕಾಡೊಗನ್ ಮನೆಯ ಕಾಗದ. ಬರೆದವನು ಫ್ಲರ್ರಿ, ಆ ಮನೆಯ ಮಗ, ಜೊಹಾನಾಳ ಅಣ್ಣ. ಸರ್ಕಾರದ ವಿರುದ್ಧ ಗುಟ್ಟಾಗಿ ಸಂಘ ಕಟ್ಟಿದ್ದ ಫೀನಿಯನ್ನರನ್ನು ಹಿಡಿಹಿಡಿದು ಜೈಲಿಗೆ ತುಂಬಿದ ಚಳಿಗಾಲದಲ್ಲಿ ಪೊಲೀಸರು ಮುಂಬಾಗಿಲು ಬಡಿಯುತ್ತಿರುವಾಗ ಹಿಂಬಾಗಿಲಿನಿಂದ ಓಡಿ ಹಡಗು ಹತ್ತಿದವನು. ಈಗ ನ್ಯೂಯಾರ್ಕಿನಲ್ಲಿದ್ದ. ಸಂಘ ಅಲ್ಲೂ ಇತ್ತು, ಇಲ್ಲಿಗಿಂತ ಜೋರಾಗಿಯೇ ಇತ್ತು. ಕೂಗಾಡಿದರೆ ಹಿಡಿಯುವವರಿಲ್ಲದ ಕಡೆ ಶೂರರಿಗೇನು ಬರ. ಸರ್ಕಾರ ಅಂಚೆಯಲ್ಲಿ ಕಾಗದ ಒಡೆದು ನೋಡುತ್ತದೆಂದು ಸಂಘದ ಸುದ್ದಿಯನ್ನು ಅವನು ದನದ ಮಾತಿನಲ್ಲಿ ಬರೆಯುತ್ತಿದ್ದ. ಮಂದೆ ಅಂದರೆ ಸಂಘದ ಹುಡುಗರು. ಸಂತೆ ಅಂದರೆ ದಂಗೆ ಏಳುವ ದಿನ. ಕಟುಕ ಅಂದರೆ ಪೊಲೀಸು. ಈ ಭಾಷೆ ಜೊಹಾನಾಗೆ ಗೊತ್ತು, ಆ ಕಡೆಯ ಸಂಘಕ್ಕೆಲ್ಲ ಮುಖಂಡನಾದ ಕುಂಟ ದರ್ಜಿ ಕೊಗ್ಲನ್‌ಗೆ ಗೊತ್ತು, ಪ್ರಮಾಣ ಮಾಡಿದ ಹುಡುಗರಿಗೆಲ್ಲ ಗೊತ್ತು. ಉಳಿದವರು ಫ್ಲರ್ರಿಗೆ ದನದ ಮೇಲೆ ಇಷ್ಟು ಪ್ರೀತಿ ಯಾವಾಗ ಬಂತು ಎಂದು ಆಶ್ಚರ್ಯಪಡುತ್ತಿದ್ದರು.

ಅವತ್ತು ಬೆಂಕಿಯ ಪಕ್ಕದ ಒಳ್ಳೆಯ ಜಾಗದಲ್ಲಿ ನೆಲ್ ಹರ್ಲಿ ಕೂತಿದ್ದಳು. ವಿಧವೆ, ಇಬ್ಬರು ಗಂಡುಮಕ್ಕಳ ತಾಯಿ, ಬಾಯಿ ಸ್ವಲ್ಪ ಜೋರು. ಒಂದಕ್ಷರ ಓದಲು ಬಾರದ ಹೆಂಗಸು, ಆದರೆ ಒಮ್ಮೆ ಕಿವಿಗೆ ಬಿದ್ದದ್ದು ಆಕೆಯ ತಲೆಯಿಂದ ಆಚೆ ಹೋಗುತ್ತಿರಲಿಲ್ಲ. ಅವಳ ಹಿಂದೆ ಗೋಡೆಗೊರಗಿ ದೊಡ್ಡ ಮಗ ಕಾನ್ ಇದ್ದ. ಈಸ್ಟರಿಗೆ ಮುಂಚಿನ ಉಪವಾಸದ ತಪಸ್ಸುಕಾಲ ಶುರುವಾದರೆ ಮದುವೆಗಳಿಲ್ಲ ಎಂದು ಅದರ ಮುಂಚಿನ ಮಂಗಳವಾರಕ್ಕೆ ಕಾನ್‌ಗೂ ಜೊಹಾನಾಗೂ ಮದುವೆ ಗೊತ್ತಾಗಿತ್ತು. ಹಿರಿಯರು ಮಾಡಿದ ಸಂಬಂಧವೇ, ಆದರೆ ಅವಳಿಗೆ ಅವನೆಂದರೆ ಇಷ್ಟ. ಇದನ್ನು ಸುತ್ತಿ ಬಳಸಿ ಹೇಳುವುದೇನಿದೆ, ಅವನು ಒಳಗೆ ಬಂದರೆ ಅವಳಿಗೆ ಮನೆ ತುಂಬಿದ ಹಾಗಾಗುತ್ತಿತ್ತು.

“ಓದು ಸೊಸೆ,” ಎಂದಳು ನೆಲ್. “ಲಕೋಟೇನ ಕೋಳಿ ತಡವಿದ ಹಾಗೆ ಎಷ್ಟು ತಡವ್ತೀಯ?”

“ಆತುರ ನೋಡಿ ಅತ್ತೇದು. ಮದುವೆ ಆಗೋದಕ್ಕೆ ಮುಂಚೇನೇ ಜೋರು ಶುರು.”

ಎಲ್ಲರೂ ನಕ್ಕರು. ಜೊಹಾನಾ ಒಡೆದು ಓದತೊಡಗಿದಳು. ದೇವರ ದಯೆಯಿಂದ ಫ್ಲರ್ರಿ ಕ್ಷೇಮ. ಚಳಿ ವಿಪರೀತ. ರೈಲು ರಸ್ತೆಯ ಕೆಲಸ. ಅಪ್ಪ ಮೊಣಕಾಲಿಗೆ ಬಾತುಕೋಳಿ ಕೊಬ್ಬು ಹಚ್ಚಬೇಕು. ಹಾಳೆ ತಿರುಗಿಸಿ, ಅದೇ ರಾಗದಲ್ಲಿ, “ನೆಲ್ ಹರ್ಲಿಯ ಮನೆಯ ದೊಡ್ಡ...” ಎಂದು ಓದಿ ನಿಂತಳು.

ಕಾಗದದಲ್ಲಿದ್ದದ್ದು ಇದು: ‘ನೆಲ್ ಹರ್ಲಿಯ ಮನೆಯ ದೊಡ್ಡ ಹೋರಿಗೆ ರೋಗ ತಗುಲಿದೆ. ಮಂದೆಯನ್ನು ಕಟುಕನಿಗೆ ತೋರಿಸಿಕೊಡುತ್ತಿರುವುದು ಅದೇ. ಇಲ್ಲಿ ಖಚಿತವಾಗಿ ತಿಳಿದಿದೆ. ಸಂತೆಗೆ ಮುಂಚೆ ದರ್ಜಿಗೆ ಹೇಳು, ಬೇರೆ ಮಾಡಲಿ.’

ನೆಲ್ ಮನೆಯಲ್ಲಿ ಹೋರಿಯಿಲ್ಲ. ಇದ್ದದ್ದು ಒಂದು ಮೇಕೆ, ಇಬ್ಬರು ಮಕ್ಕಳು.

ಎರಡು ವರ್ಷದ ನ್ಯೂಯಾರ್ಕು ಫ್ಲರ್ರಿಗೆ ತಮ್ಮ ಮನೆಯ ಅಡುಗೆಕೋಣೆಯನ್ನೇ ಮರೆಸಿತ್ತು. ಅಲ್ಲಿ ಪ್ರತಿಯೊಬ್ಬನೂ ತನ್ನ ಕಾಗದವನ್ನು ತಾನೇ ಮೂಲೆಗೆ ಕೂತು ಓದುತ್ತಾನಂತೆ. ತಂಗಿಯೂ ಹಾಗೇ ಓದಿಕೊಳ್ಳುತ್ತಾಳೆ ಎಂದು ಅವನ ಕೈ ಬರೆದುಬಿಟ್ಟಿತ್ತು.

“ದೊಡ್ಡ ಏನು?” ಎಂದಳು ನೆಲ್. “ನಂದೇನು ದೊಡ್ಡದು ಕಂಡ ಅವ್ನು? ಬಾಯಾ?”

ಮತ್ತೆ ನಗು. ಜೊಹಾನಾ ಹಾಳೆಯನ್ನು ದೀಪಕ್ಕೆ ಹತ್ತಿರ ಹಿಡಿದಳು. ಕಾನ್ ಕಡೆ ನೋಡಬಾರದು ಎಂದುಕೊಂಡಳು, ನೋಡಲಿಲ್ಲ.

“ದೊಡ್ಡ ಮಡಕೆಯಲ್ಲಿ ಬೆಂದ ಆಲೂಗಡ್ಡೆ,” ಎಂದು ಹಾಳೆಯ ಮೇಲೆ ಕಣ್ಣಿಟ್ಟು ಹೇಳಿದಳು, “ಅದರ ಜೊತೆ ಒಂದು ಬಟ್ಟಲು ಮಜ್ಜಿಗೆ, ಇವು ನನ್ನ ಕನಸಿನಲ್ಲಿ ಬರುತ್ತವೆ. ಇಲ್ಲಿಯ ಆಲೂಗಡ್ಡೆ ತಿಂದರೆ ಸೋಪು ತಿಂದ ಹಾಗೆ.”

ನೆಲ್ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡಳು. “ಕೇಳಿದ್ರಾ? ಅಷ್ಟು ದೂರ ಹೋದ್ರೂ ನನ್ನ ಮಡಕೆ ಮರ್ತಿಲ್ಲ. ಉಂಡ ಮನೆಗೆ ಎರಡು ಬಗೆಯೋ ಜಾತಿ ಅಲ್ಲ ಅದು.”

ಕಾನ್ ಬಗ್ಗಿ ಬೆಂಕಿಗೆ ಉರುವಲಿಗೆ ಒಣಗಿಸಿದ ಇನ್ನೊಂದು ಜವುಗುಮಣ್ಣಿನ ಹೆಂಟೆ ಇಟ್ಟ.

ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ, ಬೆಳಗಾದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಹಂದಿಗೆ ಎರಡು ಸಲ ಕಲಗಚ್ಚು ಹಾಕಿದಳು. ಕೋಳಿಗೆ ಹಾಕುವುದನ್ನೇ ಮರೆತಳು. ಸುಳ್ಳು, ಎಂದುಕೊಂಡಳು. ನ್ಯೂಯಾರ್ಕಿನಲ್ಲಿ ಕೂತವರಿಗೆ ಕೆಲಸವಿಲ್ಲ, ಒಬ್ಬರ ಮೇಲೊಬ್ಬರಿಗೆ ಅನುಮಾನ. ಅಲ್ಲಿ ಯಾವನೋ ಕುಡಿದು ಹೇಳಿದ್ದನ್ನು ಫ್ಲರ್ರಿ ನಂಬಿದ್ದಾನೆ. ಹಾಗೆ ಅಂದುಕೊಂಡು ಬಾವಿಗೆ ಹೋಗುವಷ್ಟರಲ್ಲಿ ಬೇರೆ ಯೋಚನೆ ಹತ್ತಿಕೊಳ್ಳುತ್ತಿತ್ತು. ಗಿರಣಿಯ ಹಿಂದೆ ಹೂತಿಟ್ಟ ಈಟಿಗಳನ್ನು ಕ್ರಿಸ್‌ಮಸ್ಸಿಗೆ ಮುಂಚೆ ಪೊಲೀಸರು ತಾವೇ ಹೂತಿಟ್ಟವರ ಹಾಗೆ ಬಂದು ಅಗೆದು ತೆಗೆದಿದ್ದರು. ಗಿರಣಿಯ ಹುಡುಗರನ್ನು ಎಳೆದುಕೊಂಡು ಹೋಗಿದ್ದರು. ಕಾನ್‌ನ ತಮ್ಮ ಟಿಮ್, ಕಾರ್ಕ್ ಜೈಲಿನಲ್ಲಿ ರಕ್ತ ಕೆಮ್ಮುತ್ತಿದ್ದವನು, ಅದಕ್ಕೂ ಮುಂಚೆ, ಸುಗ್ಗಿ ಮುಗಿದ ಮೇಲೆ ಬಿಡುಗಡೆಯಾಗಿ ಬಂದಿದ್ದ. ಅವನ ಜೊತೆ ಹಿಡಿದವರಲ್ಲಿ ಬೇರೆ ಯಾರೂ ಬಂದಿರಲಿಲ್ಲ. ಪಾದ್ರಿಗಳ ಶಿಫಾರಸು ಎಂದು ಊರು ಹೇಳಿತ್ತು, ಅವಳೂ ಹೇಳಿದ್ದಳು.

ದರ್ಜಿಗೆ ಹೇಳಿದರೆ ಕಾನ್ ಉಳಿಯುವುದಿಲ್ಲ. ಸಂಘ ದ್ರೋಹಿಗಳಿಗೆ ಏನು ಮಾಡುತ್ತದೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಗೊತ್ತಿಲ್ಲದವರೂ ಇರಲಿಲ್ಲ. ಹೇಳದಿದ್ದರೆ ಸಂತೆಯ ದಿನ ಊರಿನ ಹುಡುಗರೆಲ್ಲ ಕಟುಕನ ಬಾಗಿಲಿಗೇ ನಡೆದುಕೊಂಡು ಹೋಗುತ್ತಾರೆ. ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಜೊಹಾನಾಗೆ ಅಣ್ಣನ ಮೇಲೆ ಸಿಟ್ಟು ಬಂತು. ಅವನು ಮಸಿ ಒರೆಸಿ ಲಕೋಟೆ ಅಂಟಿಸಿ ನೆಮ್ಮದಿಯಾಗಿ ಮಲಗಿದ್ದಾನೆ.

ಸಂಜೆ ದಿಣ್ಣೆಯಾಚೆಯ ಮನೆಗಳವರು ಬಂದರು. ದೂರದವರು ಎರಡನೆಯ ದಿನ ಬರುವುದು ಪದ್ಧತಿ, ಅವರಿಗಾಗಿ ಕಾಗದವನ್ನು ಇನ್ನೊಮ್ಮೆ ಓದಬೇಕು. ಮೊದಲ ದಿನ ಕೇಳಿದವರೂ ಮತ್ತೆ ಬಂದು ಕೂರುತ್ತಾರೆ, ಕೇಳಿದ ಕಥೆಗೇ ರುಚಿ ಹೆಚ್ಚು. ಜೊಹಾನಾ ತಲೆನೋವೆಂದಳು. “ಕಣ್ಣು ಸರಿಯಾಗಿದಾವಲ್ಲ, ಓದು,” ಎಂದ ಅಪ್ಪ.

ಓದಿದಳು. ಚಳಿ, ರೈಲು, ಮೊಣಕಾಲು. ಆ ಜಾಗ ಹತ್ತಿರ ಬರುತ್ತಿದ್ದ ಹಾಗೆ ದನಿಯನ್ನು ಒಂದೇ ಸಮ ಇಟ್ಟುಕೊಂಡಳು. “ನೆಲ್ ಹರ್ಲಿಯ ಮನೆಯ ದೊಡ್ಡ ಮಡಕೆಯಲ್ಲಿ ಬೆಂದ ಆಲೂಗಡ್ಡೆ, ಅದರ ಜೊತೆ ಒಂದು ತುಂಡು ಉಪ್ಪುಮೀನು, ಇವು ನನ್ನ ಕನಸಿನಲ್ಲಿ...”

“ಮೀನಾ?” ಎಂದಳು ನೆಲ್.

ಜೊಹಾನಾ ತಲೆಯೆತ್ತಿದಳು.

“ಮೀನು ಎಲ್ಲಿಂದ ಬಂತೇ? ನಿನ್ನೆ ಮಜ್ಜಿಗೆ ಇತ್ತು. ಒಂದು ಬಟ್ಟಲು ಮಜ್ಜಿಗೆ ಅಂತ ಓದ್ದೆ. ನಮ್ಮನೇಲಿ ಮೀನು ಯಾವಾಗ ತಿಂದಿದ್ದ ಅವ್ನು?”

“ಮಜ್ಜಿಗೇನೇ ಅತ್ತೆ. ದೀಪ ಮಂಕಾಗಿದೆ, ಸಾಲು ತಪ್ಪಿದೆ.”

“ರಾತ್ರೋರಾತ್ರಿ ಮಜ್ಜಿಗೇಲಿ ಮೀನು ಹುಟ್ಟಿದೆ,” ಎಂದ ಯಾರೋ ಮುದುಕ. “ಅಮೇರಿಕಾದಲ್ಲಿ ಎಲ್ಲ ಬೇಗ ಬೇಗ ಬೆಳೀತದಂತೆ.”

ಅಡುಗೆಕೋಣೆ ನಗುವಿನಲ್ಲಿ ಮುಳುಗಿತು. ನೆಲ್ ಕೂಡ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಾನ್ ನಗಲಿಲ್ಲ. ಅವನು ಜೊಹಾನಾಳ ಮುಖ ನೋಡಲಿಲ್ಲ, ಕೈಯಲ್ಲಿದ್ದ ಹಾಳೆಯನ್ನು ನೋಡುತ್ತಿದ್ದ. ಅವನಿಗೂ ಓದಲು ಬಾರದು, ಆದರೆ ತಾಯಿಯ ನೆನಪು ಎಂಥದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ.

ಮರುದಿನ ಬೆಳಿಗ್ಗೆ ಅವನು ಬಾವಿಯ ಹತ್ತಿರ ನಿಂತಿದ್ದ. ಸುತ್ತ ಯಾರೂ ಇರಲಿಲ್ಲ. ಅವಳು ಕೊಡ ಕೆಳಗಿಟ್ಟಳು.

“ಅದ್ರಲ್ಲಿ ನಮ್ಮವ್ವನ ಹೆಸರು ಇರೋದು ನಿಜ ತಾನೆ?”

“ನಿಜ.”

“ಮಡಕೆ ಸುಳ್ಳು.”

ಅವಳು ಕೊಡ ಎತ್ತಿಕೊಳ್ಳಲು ಬಗ್ಗಿದಳು.

“ಓದು ಜೊಹಾನಾ. ಇರೋ ಹಾಗೆ ಓದು.”

ಕಾಗದವನ್ನು ಅವಳು ಎದೆಯ ಬಟ್ಟೆಯೊಳಗೆ ಇಟ್ಟುಕೊಂಡು ತಿರುಗುತ್ತಿದ್ದಳು, ತೆಗೆದು ಓದಿದಳು. ಹೋರಿ, ರೋಗ, ಮಂದೆ, ಕಟುಕ, ದರ್ಜಿ. ಓದುವಾಗ ಅವಳ ಇಡೀ ಜೀವ ಒಂದೇ ಒಂದು ಮಾತಿಗೆ ಕಾಯುತ್ತಿತ್ತು. ಯಾವ ನಾಯಿ ಹೇಳಿದ್ದು ಅಂತ ಕೇಳಲಿ. ಕೂಗಾಡಲಿ. ಕಾಗದ ಕಿತ್ತುಕೊಂಡು ಕೆಸರಿಗೆ ಎಸೆಯಲಿ. ಅವನು ಹಾಗೇನಾದರೂ ಮಾಡಿದ್ದರೆ ಅವಳು ನಂಬಿಬಿಡುತ್ತಿದ್ದಳು, ಜನ್ಮವಿಡೀ ನಂಬುತ್ತಿದ್ದಳು.

“ಇದನ್ನ ಇನ್ಯಾರು ನೋಡಿದಾರೆ?” ಎಂದ ಕಾನ್.

ಅಲ್ಲಿಗೆ ಮುಗಿಯಿತು. ಅವಳು ಬಾವಿಯ ಕಲ್ಲಿನ ಮೇಲೆ ಕೂತುಬಿಟ್ಟಳು.

“ಯಾರೂ ನೋಡಿಲ್ಲ,” ಎಂದಳು. “ಯಾಕೆ ಕಾನ್?”

“ಟಿಮ್‌ನ ಆ ಜೈಲಲ್ಲಿ ನೋಡಿದ್ಯಾ ನೀನು? ನಾನು ನೋಡ್ದೆ. ಬಟ್ಟಲಲ್ಲಿ ರಕ್ತ ಇತ್ತು. ಒಂದು ಹೆಸರು ಸಾಕು ಅಂದ್ರು. ಒಂದೇ ಒಂದು. ಕೊಟ್ಟ ಮೇಲೆ, ಇನ್ನೊಂದು ಕೊಡದಿದ್ರೆ ಮೊದಲ್ನೇದು ಕೊಟ್ಟೋನು ಯಾರು ಅಂತ ಊರಿಗೆ ಹೇಳ್ತೀವಿ ಅಂದ್ರು.” ಅವನು ಕೈಯಲ್ಲಿ ಟೋಪಿಯನ್ನು ಹಿಂಡುತ್ತಿದ್ದ. “ನಿನ್ನ ಅಪ್ಪನ ಹೆಸರು ಕೇಳಿದ್ರು. ಕೊಡಲಿಲ್ಲ. ಅದೊಂದು ಮಾತು ನಂಬು.”

“ಗಿರಣಿ ಹುಡುಗರಿಗೂ ತಾಯಂದಿರಿದಾರೆ.”

“ಇದಾರೆ,” ಎಂದ. “ದಾರೀಲಿ ಸಿಕ್ಕಿದ್ರೆ ಮಾತಾಡಿಸ್ತಾರೆ. ಚೆನ್ನಾಗಿದ್ಯೇನಪ್ಪಾ ಅಂತಾರೆ.”

ಜೊಹಾನಾ ಕಾಗದ ಮಡಿಸಿ ಒಳಗಿಟ್ಟಳು. ಬಂದದ್ದು ಸಿಟ್ಟೋ ಕನಿಕರವೋ ಅವಳಿಗೇ ತಿಳಿಯಲಿಲ್ಲ. “ಹೋಗು,” ಎಂದಳು. “ಬಂದರಿಗೆ ಹೋಗು, ಯಾವ ಹಡಗು ಸಿಕ್ಕಿದ್ರೆ ಅದು. ಕತ್ತಲಾಗೋವರೆಗೂ ನಾನು ದರ್ಜಿ ಹತ್ರ ಹೋಗಲ್ಲ. ಮಾತು ಕೊಡ್ತೀನಿ. ನೀನೂ ಕೊಡು. ಠಾಣೆ ಕಡೆ ತಿರುಗಬಾರ್ದು.”

“ತಿರುಗಲ್ಲ. ಅವ್ವನಿಗೆ ಏನು ಹೇಳ್ಲಿ?”

“ಮದುವೆಗೆ ಬೂಟು ತರೋಕೆ ಹೋಗ್ತೀನಿ ಅನ್ನು.”

ಅವನು ಅವಳ ಕಡೆ ಒಂದು ಹೆಜ್ಜೆ ಇಟ್ಟ. ಅವಳು ಕೊಡ ಎತ್ತಿಕೊಂಡಳು. ಅವನು ಅಲ್ಲೇ ನಿಂತ, ಆಮೇಲೆ ಟೋಪಿ ಹಾಕಿಕೊಂಡು ಹೋದ.

ಕಾಡೊಗನ್ ಅಂಗಳದಿಂದ ನೋಡಿದರೆ ರಸ್ತೆ ಕೆಳಗಿಳಿದು ಕೂಡುದಾರಿಯವರೆಗೆ ಕಾಣುತ್ತದೆ. ಎಡಕ್ಕೆ ಹೋದರೆ ಪೇಟೆ, ಠಾಣೆ. ಬಲಕ್ಕೆ ಹೋದರೆ ಬಂದರು. ಆದರೆ ಸರಿಯಾಗಿ ಕೂಡುದಾರಿಯಲ್ಲೇ ಒಂದು ಮುಳ್ಳುಪೊದೆಯ ಗುಂಪಿದೆ, ಅದನ್ನು ಕಡಿದರೆ ಅಪಶಕುನವೆಂದು ಯಾರೂ ಮುಟ್ಟುವುದಿಲ್ಲ. ಕಾನ್ ನಡೆದು ಹೋದದ್ದನ್ನು ಅವಳು ನೋಡಿದಳು. ಪೊದೆಯ ಹಿಂದೆ ಹೋದದ್ದನ್ನೂ ನೋಡಿದಳು. ಯಾವ ಕಡೆ ತಿರುಗಿದ ಎಂಬುದು ಮಾತ್ರ ಕಾಣಲಿಲ್ಲ.

ಆಮೇಲೆ ಶುರುವಾದ ಚಡಪಡಿಕೆಯನ್ನು ಏನೆಂದು ಹೇಳುವುದು. ಬೆಣ್ಣೆ ಕಡೆಯಲು ಕೂತು ಎದ್ದಳು. ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದಳು. ಅಂಗಳಕ್ಕೆ ಹೋದಳು, ಬಂದಳು, ಹೋದಳು. “ಕಾಲು ಸುಟ್ಟ ಬೆಕ್ಕಿನ ಹಾಗೆ ಯಾಕೆ ಸುತ್ತುತ್ತೀಯ?” ಎಂದ ಅಪ್ಪ. “ಮದುವೆಗೆ ಇನ್ನೂ ದಿನ ಇದೆ ಮಾರಾಯ್ತಿ.” ಅವಳಿಗೆ ಅಪ್ಪನ ಮುಖ ನೋಡಲಾಗಲಿಲ್ಲ. ತಮ್ಮನಿಗಾಗಿ ಒಂದು ಸಲ ಮಾರಿದವನು ತನ್ನ ಜೀವಕ್ಕಾಗಿ ಇನ್ನೊಂದು ಸಲ ಮಾರುವುದಿಲ್ಲ ಅನ್ನುವುದಕ್ಕೆ ಏನು ಗ್ಯಾರಂಟಿ? ಈಗ ಠಾಣೆಯಲ್ಲಿ ಕೂತು ದರ್ಜಿಯ ಹೆಸರು ಹೇಳುತ್ತಿರಬಹುದು. ಸಂಜೆಗೆ ಪೊಲೀಸರು ಬಂದರೆ ಅದು ಕಾನ್ ಮಾಡಿದ್ದಲ್ಲ, ನಾನು ಮಾಡಿದ್ದು. ಹಗಲನ್ನು ಅವನಿಗೆ ಕೈಯಾರೆ ಕೊಟ್ಟವಳು ನಾನು. ಮೋಡದ ಹಿಂದೆ ಸೂರ್ಯ ಎಲ್ಲಿದ್ದಾನೆಂದು ಎಷ್ಟು ಸಲ ನೋಡಿದಳೋ. ಆ ಹಾಳು ಹಗಲು ಇಳಿಯಲೇ ಒಲ್ಲದು.

ಇನ್ನೂ ಚೆನ್ನಾಗಿ ಬೆಳಕಿರುವಾಗಲೇ ಅವಳು ಶಾಲು ಹೊದ್ದುಕೊಂಡು ಹೊರಟಳು. ಅರ್ಧ ದಾರಿಯಲ್ಲಿ ಒಮ್ಮೆ ನಿಂತಳು, ಆಮೇಲೆ ಓಡಿದಳು.

ಕೊಗ್ಲನ್ ಮೇಜಿನ ಮೇಲೆ ಕಾಲು ಮಡಿಸಿ ಕೂತು ಯಾರದೋ ಕೋಟಿಗೆ ಗುಂಡಿ ಹಚ್ಚುತ್ತಿದ್ದ. ಕಾಗದ ಓದಿದ, ದಾರವನ್ನು ಹಲ್ಲಿನಲ್ಲಿ ಕಡಿದ. “ಯಾವಾಗ ಬಂತು ಇದು?”

“ಮೊನ್ನೆ.”

“ಮೊನ್ನೆ.” ಅವನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. “ಈಗೆಲ್ಲಿದಾನೆ?”

“ಬಂದರಿಗೆ ಹೋಗ್ತೀನಿ ಅಂದ. ಬೆಳಿಗ್ಗೆ ಹೊರಟ. ಕತ್ತಲಾಗೋವರೆಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೆ ಮಾಮ.”

“ಬಂದರಿಗೆ ಹೋಗೋನು ಬಂದರಿಗೆ ಹೋಗ್ತೀನಿ ಅಂತ ಹೇಳಿ ಹೋಗ್ತಾನೇನೇ ಹುಚ್ಚಿ?” ಮೇಜಿನಿಂದ ಇಳಿದು ಊರುಗೋಲು ತೆಗೆದುಕೊಂಡ. “ಹುಡುಗರನ್ನ ಠಾಣೆ ದಾರಿಗೆ ಕಳಿಸ್ತೀನಿ. ಪೇಟೆ ಕಡೇನೇ ಕಾದಿದ್ದು ಸುಳಿವು ತಗೊಳ್ಳಲಿ. ಬಂದರಿನ ಕಡೆಗೂ ಇಬ್ಬರು ಹೋಗ್ಲಿ, ಸುಮ್ಮನೆ.”

“ಏನೂ ಮಾಡ್ಬೇಡಿ. ತಡೆದ್ರೆ ಸಾಕು.”

“ತಡೀತೀವಿ,” ಎಂದ ಕೊಗ್ಲನ್, ಅವಳ ಕಡೆ ನೋಡದೆ.

ಆ ಮಾತನ್ನು ಅವಳು ನಂಬಿದಳು. ನಂಬಿದೆ ಎಂದು ತನಗೆ ತಾನೇ ಹೇಳಿಕೊಂಡಳು ಅನ್ನುವುದು ಹೆಚ್ಚು ಸರಿ.

ಪೊಲೀಸರು ಬರಲಿಲ್ಲ. ಅವತ್ತೂ ಬರಲಿಲ್ಲ, ಮರುದಿನವೂ ಬರಲಿಲ್ಲ. ಮರುದಿನ ಸಂಜೆ ಬಂದವನು ಕೊಗ್ಲನ್, ಅಪ್ಪನ ಹಳೆಯ ಪ್ಯಾಂಟಿನ ಅಳತೆಯ ನೆಪ ಮಾಡಿಕೊಂಡು. ಅಪ್ಪ ಹಸು ಕಟ್ಟಲು ಹೋದಾಗ ಬೆಂಕಿಯ ಕಡೆ ಮುಖ ಮಾಡಿ ಹೇಳಿದ, “ಸಿಕ್ಕಿದ.”

“ಯಾವ ದಾರೀಲಿ?”

ಕೊಗ್ಲನ್ ಊರುಗೋಲಿನ ತುದಿಯಿಂದ ಬೂದಿ ಕೆದಕಿದ.

“ಯಾವ ದಾರೀಲಿ ಮಾಮ?”

“ಬಂದರಿನ ದಾರೀಲಿ. ಅರ್ಧದಾರಿ ದಾಟಿದ್ದ. ಮಧ್ಯಾಹ್ನ ಟಿಮ್ ಕೆಲಸ ಮಾಡ್ತಿದ್ದ ಹೊಲಕ್ಕೆ ಹೋಗಿ, ಅವನ ಜೊತೆ ಕೂತು ರೊಟ್ಟಿ ತಿಂದು ಹೊರಟಿದಾನೆ. ಅದಕ್ಕೇ ತಡ ಆಗಿದೆ.” ಊರುಗೋಲಿಗೆ ಎರಡೂ ಕೈ ಕೊಟ್ಟು, “ಓಡಲಿಲ್ಲವಂತೆ. ಕತ್ತಲಾಯ್ತಾ ಅಂತ ಕೇಳಿದನಂತೆ, ಅಷ್ಟೇ. ಇನ್ನೂ ಬೆಳಕಿತ್ತು.”

ಠಾಣೆಗೆ ಹೋಗಿದ್ದರೆ ಅವನು ಬದುಕಿರುತ್ತಿದ್ದ, ಗೋಡೆಯ ಹಿಂದೆ, ಬಂದೂಕಿನ ಕಾವಲಿನಲ್ಲಿ. ಊರನ್ನೆಲ್ಲ ಮಾರಿದವನು ಅವಳಿಗೆ ಕೊಟ್ಟ ಒಂದು ಮಾತನ್ನು ಉಳಿಸಿಕೊಂಡಿದ್ದ. ಊರನ್ನು ಉಳಿಸಿದವಳು ಅವನಿಗೆ ಕೊಟ್ಟ ಒಂದು ಮಾತನ್ನು, ಸಂಜೆಯವರೆಗೆ ಸುಮ್ಮನೆ ಕೂರಲಾರದೆ, ಮುರಿದಿದ್ದಳು.

“ಅಮೇರಿಕಾಕ್ಕೆ ಹೋದ ಅಂತ ಹೇಳ್ಬೇಕು,” ಎಂದ ಕೊಗ್ಲನ್. “ಮದುವೆ ಅಂದ್ರೆ ಹೆದರಿ ಓಡಿಹೋದ. ಜವುಗು ಏನನ್ನೂ ವಾಪಸ್ ಕೊಡಲ್ಲ. ಅವಳಿಗೂ ಅದೇ ವಾಸಿ, ಆ ತಾಯಿಗೆ.”

ಆ ತಾಯಿ ಶನಿವಾರ ಬಂದಳು. ಜೊಹಾನಾ ಬಾಗಿಲಲ್ಲಿ ಅವಳನ್ನು ಕಂಡು ಹಿಂದಕ್ಕೆ ಸರಿದಳು. ನೆಲ್ ನೇರ ಬಂದು ಅವಳ ಎರಡೂ ಕೈ ಹಿಡಿದಳು.

“ನನ್ನ ಮುಖ ನೋಡಬೇಡ ಮಗಳೇ, ನಿನಗೆ ತೋರ್ಸೋ ಮುಖ ಇಲ್ಲ ನಂದು. ಬೂಟು ತರ್ತೀನಿ ಅಂತ ಹೋದ. ನಾನು ಹೆತ್ತಿದ್ದು ಇಂಥದ್ದು. ಊರಿನ ಎದುರಿಗೆ ನಿನ್ನ ಮರ್ಯಾದೆ ತೆಗೆದು ಹೋಗಿದೆ ಕತ್ತೆ. ನೀನು ಕ್ಷಮಿಸಬೇಕು.”

“ಅತ್ತೆ, ಬೇಡ.”

“ಅತ್ತೆ ಅನ್ನು. ಇನ್ನೂ ಅತ್ತೇನೇ ನಾನು.” ಅವಳು ಬೆಂಕಿಯ ಹತ್ತಿರ ಕೂತಳು. ಎರಡು ದಿನದಲ್ಲಿ ಮುಖ ಬತ್ತಿಹೋಗಿತ್ತು. “ಫ್ಲರ್ರಿಗೆ ಕಾಗದ ಬರೀತಿದೀಯಲ್ಲ, ನನ್ನದೂ ಒಂದು ಮಾತು ಸೇರ್ಸು. ಇನ್ಯಾರಿದಾರೆ ನನಗೆ ಅಲ್ಲಿ?”

ಅಪ್ಪ ಮಸಿ, ಲೇಖನಿ ತಂದು ಮೇಜಿನ ಮೇಲಿಟ್ಟ. ನೆರೆಯವರು ಆಗಲೇ ಬಂದು ಕೂರುತ್ತಿದ್ದರು, ಅಮೇರಿಕಾಕ್ಕೆ ಹೋಗುವ ಕಾಗದದಲ್ಲೂ ಎಲ್ಲರಿಗೂ ಒಂದೊಂದು ಸಾಲಿನ ಹಕ್ಕು. ಜೊಹಾನಾ ಕೂತಳು. ನೆಲ್ ನಿಧಾನವಾಗಿ, ಯೋಚಿಸಿ ಯೋಚಿಸಿ ಹೇಳಿದಳು.

“ಹೀಗೆ ಬರಿ. ಫ್ಲರ್ರಿ, ನಮ್ಮ ಕಾನ್ ಅಲ್ಲಿಗೆ ಬರ್ತಿದಾನೆ. ಸಿಕ್ಕಿದ ತಕ್ಷಣ ನನ್ನ ಪರವಾಗಿ ಕಪಾಳಕ್ಕೆ ಎರಡು ಬಿಡು. ಆಮೇಲೆ ಮಲಗೋಕೆ ಜಾಗ ಕೊಡು. ಅವನಿಗೆ ಚಳಿ ತಡೆಯಲ್ಲ, ಹೇಳೋದೂ ಇಲ್ಲ, ನೀನೇ ನೋಡ್ಕೋಬೇಕು. ಬರೆದ್ಯಾ?”

“ಬರೆದೆ.”

“ನೀನು ಅವನ ಅಣ್ಣನ ಹಾಗೆ ಅಂತ ಬರಿ.”

ಲೇಖನಿಯ ತುದಿ ಹಾಳೆಯಲ್ಲಿ ಸಿಕ್ಕಿ ಮಸಿ ಹರಡಿತು. ಜೊಹಾನಾ ಒತ್ತುಕಾಗದ ಇಟ್ಟು ಒರೆಸಿ, ಅದನ್ನೂ ಬರೆದಳು.

“ಉತ್ತರ ಯಾವಾಗ ಬರತ್ತೆ?”

“ಈಸ್ಟರ್ ಕಳೀಬೇಕು ಅತ್ತೆ.”

“ಆಗ್ಲಿ,” ಎಂದಳು ನೆಲ್, ಶಾಲು ಸರಿಪಡಿಸಿಕೊಳ್ಳುತ್ತ. “ಈಸ್ಟರ್ ಆದ್ಮೇಲೆ ದಿನಾ ಸಂಜೆ ಬಂದು ಕೂತಿರ್ತೀನಿ. ಬಂದ ತಕ್ಷಣ ನಂದು ಮೊದಲು ಓದು.”